ವೇದಿಕೆ ಕೊಟ್ಟಿದ್ದೀವಲ್ಲ, ದುಡ್ಡು ಬೇರೆ ಯಾಕೆ?

ಟಿವಿ ಶೋದಲ್ಲಿ ಹಾಡಿ ಗೆದ್ದ ದುಡ್ಡೂ ಲಾಟರಿಯಲ್ಲಿ ಹೊಡೆದ ದುಡ್ಡೂ ನಮ್ಮ ತೆರಿಗೆ ಕಾನೂನಿಗೆ ಒಂದೇ. ತಮಾಷೆಗೆ ಹೇಳುತ್ತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಗೆ 2001ರಲ್ಲಿ ಒಂದು ವಿವರಣೆ ಸೇರಿಸಿದರು. ಜನ ಬಹುಮಾನಕ್ಕೆ ಪೈಪೋಟಿ ನಡೆಸುವ ಟಿವಿ ಮನರಂಜನಾ ಕಾರ್ಯಕ್ರಮಗಳೂ ಲಾಟರಿ, ಇಸ್ಪೀಟಾಟದ ಸಾಲಿಗೇ ಸೇರುತ್ತವೆ ಅಂತ. ಆದ್ದರಿಂದ ಗೆದ್ದ ದುಡ್ಡಿಗೆ ನೇರವಾಗಿ 30% ತೆರಿಗೆ, ಆ ತೆರಿಗೆಯ ಮೇಲೆ 4% ಸೆಸ್. ನಾಲ್ಕು ತಿಂಗಳು ಕೆಲಸ ಬಿಟ್ಟು ಬಂದಿದ್ದೆ, ಬಟ್ಟೆಗೆ ಸಾಲ ಮಾಡಿದ್ದೆ, ಸಂಗೀತದ ಮೇಷ್ಟ್ರಿಗೆ ಫೀಸು ಕಟ್ಟಿದ್ದೆ ಅಂತ ಖರ್ಚು ತೋರಿಸಿ ಕಳೆಯುವ ಹಾಗಿಲ್ಲ.

ಲೆಕ್ಕ ಹಾಕಿ ನೋಡಿ. ಒಬ್ಬ ಹುಡುಗ 10 ಲಕ್ಷ ರೂಪಾಯಿ ಗೆದ್ದ ಅಂದುಕೊಳ್ಳಿ. ಅದರಲ್ಲಿ 3 ಲಕ್ಷದ 12 ಸಾವಿರ ತೆರಿಗೆಗೆ ಹೋಯಿತು. ಅದೇ ಹುಡುಗ ವರ್ಷವಿಡೀ ಆರ್ಕೆಸ್ಟ್ರಾದಲ್ಲಿ ಹಾಡಿ ಅಷ್ಟೇ 10 ಲಕ್ಷ ಸಂಪಾದಿಸಿದ್ದರೆ, 2025ರ ಬಜೆಟ್ ನಂತರದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವಾದ್ದರಿಂದ, ಒಂದು ರೂಪಾಯಿಯನ್ನೂ ಕಟ್ಟಬೇಕಾಗಿರಲಿಲ್ಲ. ಗಂಟಲು ಅದೇ, ಹಾಡೂ ಅದೇ. ಇನ್ನು ಬಹುಮಾನ ಕಾರು ಅಥವಾ ಸೈಟ್ ಆಗಿದ್ದರೆ ಅದರ ಕಥೆಯೇ ಬೇರೆ. ವಸ್ತು ಕೈಗೆ ಕೊಡುವ ಮುಂಚೆಯೇ ಅದರ ಬೆಲೆಯ ಮೇಲಿನ ತೆರಿಗೆ ಜಮಾ ಆಗಿರಬೇಕು. ಶೋ ಮಾಡಿದವರು ತಾವೇ ಕಟ್ಟಿದರೆ ಸರಿ. ಇಲ್ಲದಿದ್ದರೆ ಸೈಟ್ ಗೆದ್ದವನು ಮೊದಲು ಸಾಲಕ್ಕೆ ಓಡಾಡಬೇಕು.

ತೆರಿಗೆಯ ವಿಷಯವನ್ನು ಮೊದಲೇ ಎತ್ತಿದ್ದಕ್ಕೆ ಕಾರಣ ಇದೆ. ಟ್ಯಾಲೆಂಟ್ ಶೋಗಳ ಬಗ್ಗೆ ಚಾನೆಲ್‌ನವರು, ನಿರ್ಮಾಪಕರು, ಕೊನೆಗೆ ಮನೆಯಲ್ಲಿ ಕೂತು ನೋಡುವ ನಾವೂ ಮನಸ್ಸಿನಲ್ಲಿ ಏನು ಅಂದುಕೊಂಡಿದ್ದೇವೋ ಅದನ್ನು ಕಾನೂನು ಬಾಯಿಬಿಟ್ಟು ಹೇಳಿದೆ, ಅಷ್ಟೇ. ಸ್ಪರ್ಧಿ ಅಲ್ಲಿ ಕೆಲಸ ಮಾಡುತ್ತಿಲ್ಲ, ಅದೃಷ್ಟ ಪರೀಕ್ಷೆ ಮಾಡಿಕೊಳ್ಳಲು ಬಂದಿದ್ದಾನೆ. ಸಂಬಳ, ಕೆಲಸದ ಅವಧಿ, ರಾಯಲ್ಟಿ, ಬಾಂಡ್ ಅಂತ ಈ ಶೋಗಳಲ್ಲಿ ಏನೇನು ತಕರಾರು ಇದೆಯೋ ಅದೆಲ್ಲ ಶುರುವಾಗುವುದು ಇಲ್ಲಿಂದಲೇ.

ಸೆಟ್‌ನಲ್ಲಿ ಯಾರಿಗೆಲ್ಲ ದುಡ್ಡು ಸಿಗುತ್ತದೆ ಅಂತ ಒಮ್ಮೆ ಕಣ್ಣಾಡಿಸಿ. ತೀರ್ಪುಗಾರರಿಗೆ ಸಿಗುತ್ತದೆ, ನಿರೂಪಕಿಗೆ ಸಿಗುತ್ತದೆ. ಕೀಬೋರ್ಡ್, ತಬಲಾ, ರಿದಂ ಪ್ಯಾಡ್ ನುಡಿಸುವವರಿಗೆ ಕಾಲ್ ಶೀಟ್ ಲೆಕ್ಕ. ಕ್ಯಾಮೆರಾ, ಲೈಟು, ಮೇಕಪ್, ಕೇಟರಿಂಗ್, ಜನರೇಟರ್ ಗಾಡಿಯ ಡ್ರೈವರ್, ಎಲ್ಲರಿಗೂ ದಿನದ ಬಾಟಾ ಇದೆ. ಎಷ್ಟೋ ಶೋಗಳಲ್ಲಿ ಮುಂದೆ ಕೂತು ಚಪ್ಪಾಳೆ ತಟ್ಟುವವರನ್ನೂ ಕೋಆರ್ಡಿನೇಟರ್ ಒಬ್ಬ ದಿನಗೂಲಿ ಕೊಟ್ಟು ಬಸ್ಸಿನಲ್ಲಿ ಕರೆತಂದಿರುತ್ತಾನೆ. ಹಾಡು ಕೇಳಿ ಕಣ್ಣೊರೆಸಿಕೊಂಡವರಿಗೆ ಕೂಲಿ ಇದೆ. ಹಾಡಿದವನಿಗೆ ಬಹಳ ಸಲ ಊಟ, ವಸತಿ, ಬಸ್ ಚಾರ್ಜು.

ಎಲ್ಲ ಶೋಗಳೂ ಒಂದೇ ಥರ ಇಲ್ಲ, ಅದನ್ನೂ ಹೇಳಬೇಕು. ಕಾಮಿಡಿ, ನಟನೆಯ ಶೋಗಳಲ್ಲಿ ಒಂದು ಹಂತ ದಾಟಿದ ಮೇಲೆ ಎಪಿಸೋಡಿಗೆ ಇಷ್ಟು ಅಂತ ಕೊಡುವ ಪದ್ಧತಿ ಕೆಲವು ಕಡೆ ಇದೆ. ಬಿಗ್ ಬಾಸ್ ಥರದ ಶೋಗಳಲ್ಲಂತೂ ಹೆಸರಿದ್ದವರಿಗೆ ವಾರದ ಲೆಕ್ಕದಲ್ಲಿ ಸಂಭಾವನೆ ಕೊಟ್ಟೇ ಒಳಗೆ ಕಳಿಸುತ್ತಾರೆ. ಇದು ಸ್ವಲ್ಪ ವಿಚಿತ್ರ ಅಲ್ವಾ? ಮನೆಯೊಳಗೆ ಕೂತು ಜಗಳ ಆಡಿದರೆ ಅದು ದುಡ್ಡು ಕೊಡಬೇಕಾದ ಕೆಲಸ. ಹತ್ತು ವರ್ಷ ಅಭ್ಯಾಸ ಮಾಡಿ ಮೂರು ಸಪ್ತಕ ಹಾಡಿದರೆ ಅದು 'ಅವಕಾಶ'. ವ್ಯತ್ಯಾಸ ಪ್ರತಿಭೆಯದಲ್ಲ, ಚೌಕಾಸಿ ಮಾಡುವ ತಾಕತ್ತಿನದು. ಹೆಸರಿದ್ದವನು ದುಡ್ಡಿಲ್ಲದೆ ಬರುವುದಿಲ್ಲ ಅಂತ ಚಾನೆಲ್‌ಗೆ ಗೊತ್ತು. ಹೆಸರಿಲ್ಲದವನು ದುಡ್ಡಿಲ್ಲದಿದ್ದರೂ ಬರುತ್ತಾನೆ ಅಂತಲೂ ಗೊತ್ತು. ಆಡಿಷನ್ ಕ್ಯೂ ಊರ ಜಾತ್ರೆಯ ರಥದ ಹಿಂದಿನ ಜನದ ಹಾಗೆ ಇರುವಾಗ ಯಾರು ಯಾಕೆ ರೇಟು ಮಾತಾಡುತ್ತಾರೆ?

ಆ ಮೂರು ನಿಮಿಷದ ಹಾಡನ್ನೇ ತೆಗೆದುಕೊಳ್ಳಿ. ಸ್ಪರ್ಧಿ ಹಾಡುವುದು ಸಿನಿಮಾ ಹಾಡು. ಅದರ ಹಕ್ಕು ಇರುವುದು ಆಡಿಯೋ ಕಂಪನಿ ಹತ್ತಿರ, ಅವರಿಂದ ಲೈಸೆನ್ಸ್ ಪಡೆಯಬೇಕು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿ ಹಕ್ಕು ಗಟ್ಟಿಯಾಯಿತು, ಅದನ್ನು ವಸೂಲಿ ಮಾಡಲು ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ. ಹಾಡಿನ ಹಿಂದೆ ಮುಂದೆ ಜಾಹೀರಾತು ಬರುತ್ತದೆ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು ನಿಯಮದಲ್ಲಿ ಅವಕಾಶ ಇದೆ, ಅದರ ದುಡ್ಡು ಚಾನೆಲ್‌ಗೆ. ಕಾರ್ಯಕ್ರಮದ ಹೆಸರಿನ ಮುಂದೆ ಎಣ್ಣೆಯದೋ ಸೋಪಿನದೋ ಬ್ರ್ಯಾಂಡ್ ಇರುತ್ತದೆ, ಅದು ಬೇರೆ ದುಡ್ಡು. ಎಪಿಸೋಡು ಭಾನುವಾರ ಮುಗಿದ ಮೇಲೆ ಮರುಪ್ರಸಾರ, ಆಮೇಲೆ ಒಟಿಟಿ, ಆಮೇಲೆ ಅದೇ ಹಾಡನ್ನು ಕತ್ತರಿಸಿ ಯೂಟ್ಯೂಬ್‌ಗೆ. ಅಲ್ಲಿ ವರ್ಷಗಟ್ಟಲೆ ಓಡುತ್ತಿರುತ್ತದೆ. ನಾಲ್ಕು ವರ್ಷದ ಹಿಂದಿನ ಆಡಿಷನ್ ವಿಡಿಯೋ ಇವತ್ತೂ ನಿಮ್ಮ ಫೋನಿನಲ್ಲಿ ಎದುರಾಗುತ್ತದೆ, ಅದರ ಮುಂದೆ ಒಂದು ಜಾಹೀರಾತೂ ಇರುತ್ತದೆ. ಇಷ್ಟೂ ಜನ ಪಾಲು ತೆಗೆದುಕೊಳ್ಳುವ ಹಾಡಿನಲ್ಲಿ ಪಾಲಿಲ್ಲದವನು ಮೈಕ್ ಹಿಡಿದು ನಿಂತವನು ಒಬ್ಬನೇ.

ಕಾನೂನಿನಲ್ಲಿ ಅವನಿಗೂ ಜಾಗ ಇದೆ ಅನ್ನುವುದು ಇಲ್ಲಿನ ಸ್ವಾರಸ್ಯ. ಅದೇ ಕಾಪಿರೈಟ್ ಕಾಯ್ದೆಯ 38ನೇ ಕಲಮಿನಲ್ಲಿ ಪ್ರದರ್ಶಕರ ಹಕ್ಕು ಅಂತ ಇದೆ. ಗಾಯಕ, ನಟ, ನರ್ತಕ, ದೊಂಬರಾಟದವರು, ಎಲ್ಲರೂ ಅದರೊಳಗೆ ಬರುತ್ತಾರೆ. ಹಕ್ಕಿನ ಅವಧಿ 50 ವರ್ಷ. ತನ್ನ ಪ್ರದರ್ಶನವನ್ನು ಚಿತ್ರೀಕರಿಸಿಕೊಳ್ಳಿ ಅಂತ ಒಮ್ಮೆ ಬರೆದುಕೊಟ್ಟ ಮೇಲೆ ನಿರ್ಮಾಪಕ ಅದನ್ನು ಬಳಸುವುದಕ್ಕೆ ಕಲಾವಿದ ಅಡ್ಡಿ ಮಾಡುವ ಹಾಗಿಲ್ಲ. ಆದರೆ ಆ ಪ್ರದರ್ಶನ ವಾಣಿಜ್ಯ ಬಳಕೆಗೆ ಹೋದರೆ ಅವನಿಗೆ ರಾಯಲ್ಟಿ ಸಲ್ಲಬೇಕು ಅಂತ 2012ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಹಿನ್ನೆಲೆ ಗಾಯಕರು ಸೇರಿ 2013ರ ಸುಮಾರಿಗೆ ಇಸ್ರಾ ಅನ್ನುವ ಸಂಘ ಕಟ್ಟಿಕೊಂಡು, ಬಾರು ರೆಸ್ಟೋರೆಂಟುಗಳ ಮೇಲೂ ದೆಹಲಿ ಹೈಕೋರ್ಟಿಗೆ ಹೋಗಿ ಈ ಹಕ್ಕನ್ನು ಸ್ಥಾಪಿಸಿಕೊಂಡರು. ರಿಯಾಲಿಟಿ ಶೋದ ಸ್ಪರ್ಧಿಗೆ ಅಂಥ ಸಂಘ ಎಲ್ಲಿದೆ? ಅವನು ಆ ಶೋಗೆ ಬರುವುದು ಒಂದೇ ಸಲ. ಪಕ್ಕದಲ್ಲಿ ನಿಂತವನು ಅವನ ಎದುರಾಳಿ. ಸೀಸನ್ ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಊರಿಗೆ ಹೋಗುತ್ತಾರೆ.

ಶೂಟಿಂಗ್ ದಿನ ಹೇಗಿರುತ್ತದೆ ಅಂತ ನೋಡುವವರಿಗೆ ಅಂದಾಜು ಸಿಗುವುದಿಲ್ಲ. ಟಿವಿಯಲ್ಲಿ ಶನಿವಾರ ಒಂದು, ಭಾನುವಾರ ಒಂದು ಎಪಿಸೋಡು. ಸ್ಟುಡಿಯೋ ಬಾಡಿಗೆ, ತೀರ್ಪುಗಾರರ ಡೇಟು ಉಳಿಸಲು ಎರಡನ್ನೂ ಒಟ್ಟಿಗೆ ಎಳೆಯುತ್ತಾರೆ. ಬೆಳಗ್ಗೆ ಮೇಕಪ್ಪಿಗೆ ಕೂರಿಸಿದವರನ್ನು ಮಧ್ಯಾಹ್ನದವರೆಗೆ ಕಾಯಿಸುತ್ತಾರೆ, ಸಂಜೆಗೆ ಮೊದಲ ಹಾಡು, ಮಧ್ಯರಾತ್ರಿ ದಾಟಿದ ಮೇಲೆ ಎಲಿಮಿನೇಷನ್. ಅಷ್ಟು ಹೊತ್ತು ಏಸಿಯ ಕೆಳಗೆ ಕೂತ ಗಂಟಲಿನಲ್ಲಿ ಮೇಲಿನ ಷಡ್ಜ ಮುಟ್ಟಬೇಕು. ನಡುವೆ ಯಾರೋ ಬಂದು 'ಒಂದು ಬೈಟ್ ಕೊಡಿ' ಅಂತ ಮೂಲೆಗೆ ಕರೆದುಕೊಂಡು ಹೋಗುತ್ತಾರೆ. ನಿಮ್ಮ ಅಪ್ಪ ತೀರಿಕೊಂಡಾಗ ಮನೆಯಲ್ಲಿ ಪರಿಸ್ಥಿತಿ ಹೇಗಿತ್ತು ಹೇಳಿ. ಹೇಳಿದರೆ, ಲೈಟ್ ಸರಿ ಬರಲಿಲ್ಲ, ಇನ್ನೊಂದು ಸಲ ಹೇಳಿ. ವಾರದ ಮಿಕ್ಕ ದಿನ ಗ್ರೂಮಿಂಗ್, ಹಾಡಿನ ಪ್ರಾಕ್ಟೀಸು, ಪ್ರೋಮೋ ಶೂಟು, ಆಮೇಲೆ ಊರಿಗೆ ಕ್ಯಾಮೆರಾ ತಂಡ ಕರೆದುಕೊಂಡು ಹೋಗಿ ಮನೆ, ಹೊಲ, ತಾಯಿ, ಸೋರುವ ಮಾಡು ತೋರಿಸುವುದು. ಇದನ್ನು ಮಾಡುತ್ತಾ ಇನ್ನೊಂದು ಕಡೆ ದುಡಿಯಲು ಸಾಧ್ಯವೇ ಇಲ್ಲ. ಗಾರೆ ಕೆಲಸದವನಾಗಲಿ, ಶಾಲೆಯ ಅತಿಥಿ ಶಿಕ್ಷಕಿಯಾಗಲಿ, ಕೆಲಸ ಬಿಟ್ಟೇ ಬಂದಿರಬೇಕು.

ಆ ಮನೆ, ಹೊಲ, ತಾಯಿ ಅನ್ನುವುದೂ ಕಚ್ಚಾ ಸರಕೇ. ಎಷ್ಟೋ ಸಲ ಹಾಡಿಗಿಂತ ಜಾಸ್ತಿ ಬೆಲೆ ಅದಕ್ಕಿದೆ. ಜೀ ಕನ್ನಡದ ಸರಿಗಮಪದಲ್ಲಿ 2019ರಲ್ಲಿ ರನ್ನರ್ ಅಪ್ ಆದ ಹನುಮಂತ ನೆನಪಿರಬಹುದು. ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ಹುಡುಗ. ಪಂಚೆ, ಟವೆಲ್, ಕುರಿ, ತಾಂಡಾ, ಇಷ್ಟೂ ಅವನ ಹಾಡಿನಷ್ಟೇ ಮನೆಮಾತಾದವು. ಅವನು 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದು 50 ಲಕ್ಷ ಪಡೆದ, ಆ ಮಟ್ಟಿಗೆ ಅವನ ಕಥೆ ಸುಖಾಂತ. ಆದರೆ ಅವನ ನಂತರದ ಸೀಸನ್ನುಗಳ ಪ್ರೋಮೋಗಳನ್ನು, ಬರೀ ಅದೊಂದೇ ಚಾನೆಲ್‌ನದಲ್ಲ, ಸುಮ್ನೆ ಒಮ್ಮೆ ನೋಡಿ. ಬಡತನ ಇರುವ ಸ್ಪರ್ಧಿಗೆ ಬಡತನದ ವಿಡಿಯೋ, ಬಡತನ ಇಲ್ಲದವನಿಗೆ ಬೇರೆ ಏನಾದರೂ ನೋವು. ಹಿಂದಿಯಲ್ಲಿ ಇಂಡಿಯನ್ ಐಡಲ್‌ನ ಮೊದಲ ವಿಜೇತ ಅಭಿಜೀತ್ ಸಾವಂತ್ ಅವರೇ 2021ರಲ್ಲಿ, ಈಗ ಶೋಗಳಿಗೆ ಪ್ರತಿಭೆಗಿಂತ ದುಃಖದ ಕಥೆಯೇ ಮುಖ್ಯವಾಗಿದೆ ಎಂಬರ್ಥದ ಮಾತಾಡಿದ್ದರು. ಅದೇ ವರ್ಷ ಕಿಶೋರ್ ಕುಮಾರ್ ವಿಶೇಷ ಸಂಚಿಕೆಗೆ ಅತಿಥಿಯಾಗಿ ಹೋಗಿದ್ದ ಅವರ ಮಗ ಅಮಿತ್ ಕುಮಾರ್, ಎಲ್ಲರನ್ನೂ ಹೊಗಳಿ ಅಂತ ಮೊದಲೇ ಹೇಳಿದ್ದರು, ಕೇಳಿದ ದುಡ್ಡು ಕೊಟ್ಟಿದ್ದರು, ಹೋದೆ ಅಂತ ನೇರವಾಗಿ ಹೇಳಿ ಗದ್ದಲವಾಯಿತು. ನನಗೆ ಆ ಮಾತಿನಲ್ಲಿ ಹಿಡಿಸಿದ್ದು ಪ್ರಾಮಾಣಿಕತೆ. ಹೊಗಳುವುದೂ ಒಂದು ಕೆಲಸ, ಅದಕ್ಕೂ ದರ ಇದೆ ಅಂತ ಗೊತ್ತಾಯಿತು. ಹೊಗಳಿಸಿಕೊಂಡು ಕಣ್ತುಂಬಿಕೊಳ್ಳುವುದಕ್ಕೆ ಮಾತ್ರ ದರ ಇಲ್ಲ.

ಮಕ್ಕಳ ಶೋಗಳ ವಿಷಯಕ್ಕೆ ಬಂದರೆ ಕಾನೂನು ಕೇಳಲು ಚೆನ್ನಾಗಿದೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದು 14 ವರ್ಷದೊಳಗಿನ ಮಕ್ಕಳ ದುಡಿಮೆ ನಿಷೇಧಿಸಿದಾಗ ಸಿನಿಮಾ, ಟಿವಿ, ಜಾಹೀರಾತಿನ ಬಾಲ ಕಲಾವಿದರಿಗೆ ವಿನಾಯಿತಿ ಕೊಟ್ಟರು, 2017ರ ನಿಯಮಗಳಲ್ಲಿ ಷರತ್ತು ಹಾಕಿದರು. ಶೂಟಿಂಗ್ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ಮೀರಬಾರದು. ಸತತ 27 ದಿನಕ್ಕಿಂತ ಜಾಸ್ತಿ ಮಾಡಿಸುವ ಹಾಗಿಲ್ಲ. 5 ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು. ಮಗು ದುಡಿದದ್ದರಲ್ಲಿ ಕನಿಷ್ಠ 20% ಹಣವನ್ನು ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು, ಪ್ರಾಯಕ್ಕೆ ಬಂದ ಮೇಲೆ ಅದು ಅವರ ಕೈಗೆ.

ಈಗ ಆ ಕೊನೆಯ ಷರತ್ತನ್ನು ಇನ್ನೊಮ್ಮೆ ಓದಿ. ದುಡಿದದ್ದರಲ್ಲಿ 20%. ಸ್ಪರ್ಧೆಗೆ ಬಂದ ಮಗುವಿಗೆ ಸಂಭಾವನೆಯೇ ಇಲ್ಲ ಅಂದರೆ ಸೊನ್ನೆಯ 20% ಎಷ್ಟು? ಸೀರಿಯಲ್‌ನಲ್ಲಿ ಮಗಳ ಪಾತ್ರ ಮಾಡುವ ಹುಡುಗಿಗೆ ಎಫ್‌ಡಿ ಸಿಗುತ್ತದೆ. ಅದೇ ಸ್ಟುಡಿಯೋದ ಪಕ್ಕದ ಫ್ಲೋರಿನಲ್ಲಿ, ಪ್ರೈಮ್ ಟೈಮ್ ಶೋದಲ್ಲಿ ಇಪ್ಪತ್ತು ವಾರ ಕುಣಿದು ಸೆಮಿಫೈನಲ್‌ನಲ್ಲಿ ಸೋತ ಹುಡುಗಿಗೆ ಒಂದು ಸ್ಮರಣಿಕೆ, ಒಂದು ಪ್ರಾಯೋಜಕರ ಗಿಫ್ಟ್ ಹ್ಯಾಂಪರ್. ಸಂಭಾವನೆ ಇಲ್ಲ ಅಂದ ಕೂಡಲೇ ರಕ್ಷಣೆಯ ಅರ್ಧ ಭಾಗ ತಾನಾಗಿಯೇ ಕಳಚಿ ಬೀಳುತ್ತದೆ. ಉಳಿದರ್ಧವನ್ನು ಯಾರು ನೋಡುತ್ತಾರೆ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ. ಮಕ್ಕಳ ಮನಸ್ಸಿನ ಮೇಲಾಗುವ ಪೆಟ್ಟಿನ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. 2008ರಲ್ಲಿ ಕೋಲ್ಕತ್ತಾದ ಹದಿಹರೆಯದ ಹುಡುಗಿಯೊಬ್ಬಳು ಡ್ಯಾನ್ಸ್ ಶೋದಲ್ಲಿ ತೀರ್ಪುಗಾರರ ಕಟು ಮಾತು ಕೇಳಿದ ಮೇಲೆ ಮಾತು, ಕೈಕಾಲಿನ ಸ್ವಾಧೀನ ಎರಡನ್ನೂ ಕಳೆದುಕೊಂಡಳು ಅಂತ ಮನೆಯವರು ಹೇಳಿ, ಅವಳನ್ನು ನಮ್ಮ ನಿಮ್ಹಾನ್ಸ್‌ಗೇ ಕರೆತಂದಿದ್ದರು. ಆಗ ದೇಶವೆಲ್ಲ ಚರ್ಚೆಯಾಯಿತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಮಾರ್ಗಸೂಚಿ ಮಾಡಿತು, 2019ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಡ್ಯಾನ್ಸ್ ಶೋಗಳಲ್ಲಿ ಮಕ್ಕಳಿಗೆ ವಯಸ್ಸಿಗೆ ಮೀರಿದ ಹಾವಭಾವ ಮಾಡಿಸಬೇಡಿ ಅಂತ ಚಾನೆಲ್‌ಗಳಿಗೆ ಸಲಹೆ ಕಳಿಸಿತು. ಸಲಹೆ ಅಷ್ಟೇ.

ಇನ್ನು ಬಾಂಡ್, ಅಂದರೆ ಶೋದವರ ಜೊತೆ ಮಾಡಿಕೊಳ್ಳುವ ಕರಾರು ಪತ್ರ. ಸ್ಪರ್ಧಿಗಳೆಲ್ಲ ಅದನ್ನು ಕರೆಯುವುದೇ ಹಾಗೆ. ಬಹುತೇಕ ಸಲ ಅದು ಇಂಗ್ಲಿಷ್‌ನಲ್ಲಿ, ಹತ್ತಾರು ಪುಟ, ಆಯ್ಕೆಯಾದ ಸಂಭ್ರಮದಲ್ಲಿ ಇರುವಾಗ ಮುಂದೆ ಬರುತ್ತದೆ, ಹೊರಗೆ ಇನ್ನೂ ಜನ ಕಾಯುತ್ತಿದ್ದಾರೆ ಬೇಗ ಸೈನ್ ಮಾಡಿ ಅನ್ನುವ ಗಡಿಬಿಡಿಯಲ್ಲಿ. ಒಂದು ಪ್ರತಿ ಕೈಗೆ ಸಿಕ್ಕರೆ ಪುಣ್ಯ. ಒಳಗೆ ಸಾಮಾನ್ಯವಾಗಿ ಇರುವುದು ಇಷ್ಟು. ನಿಮ್ಮ ಹೆಸರು, ಮುಖ, ದನಿ, ಜೀವನದ ಕಥೆ ಎಲ್ಲವನ್ನೂ ಜಗತ್ತಿನ ಎಲ್ಲ ಕಡೆ, ಈಗಿರುವ ಮತ್ತು ಮುಂದೆ ಹುಟ್ಟುವ ಎಲ್ಲ ಮಾಧ್ಯಮದಲ್ಲಿ ಬಳಸಲು ಒಪ್ಪಿಗೆ. ಶೋ ನಡೆಯುವಾಗ, ಮುಗಿದ ಮೇಲೂ ಒಂದಷ್ಟು ತಿಂಗಳು ಬೇರೆ ಚಾನೆಲ್‌ಗೆ ಹೋಗುವಂತಿಲ್ಲ. ಹೊರಗೆ ಕಾರ್ಯಕ್ರಮ ಕೊಡಲು ಎನ್‌ಒಸಿ ಬೇಕು, ಕೆಲವು ಕಡೆ ಅದರ ದುಡ್ಡಿನಲ್ಲಿ ಪಾಲೂ ಕೊಡಬೇಕು. ನಡೆದದ್ದನ್ನು ಹೊರಗೆ ಹೇಳಬಾರದು, ಹೇಳಿದರೆ ದಂಡ. ಆ ದಂಡದ ಮೊತ್ತ ನೋಡಿದರೆ ಸಾಕು, ಹಳ್ಳಿಯಿಂದ ಬಂದ ಹುಡುಗ ಮತ್ತೆ ಬಾಯಿ ಬಿಡುವುದಿಲ್ಲ.

ಇಲ್ಲಿ ಗಾಯಕರು ಗಮನಿಸಬೇಕಾದ ಒಂದು ತೀರ್ಪು ಇದೆ, ಅದು ಬಂದದ್ದು ಕ್ರಿಕೆಟ್ ಕಡೆಯಿಂದ. ಜಹೀರ್ ಖಾನ್ ಒಂದು ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ಕಂಪನಿ ಜೊತೆ ಮೂರು ವರ್ಷದ ಒಪ್ಪಂದ ಮಾಡಿಕೊಂಡಿದ್ದರು. ಅವಧಿ ಮುಗಿದ ಮೇಲೂ, ಬೇರೆಯವರು ಆಫರ್ ಕೊಟ್ಟರೆ ಮೊದಲು ನಮ್ಮನ್ನು ಕೇಳಬೇಕು ಅನ್ನುವ ಷರತ್ತು ಅದರಲ್ಲಿತ್ತು. ಜಹೀರ್ ಕೇಳದೆ ಬೇರೆ ಕಡೆ ಸಹಿ ಮಾಡಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2006ರಲ್ಲಿ ತೀರ್ಪು ಬಂತು: ಒಪ್ಪಂದದ ಅವಧಿ ಮುಗಿದ ಮೇಲೂ ಒಬ್ಬನ ದುಡಿಮೆಗೆ ಕಡಿವಾಣ ಹಾಕುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಹಾಗಾಗಿ ಶೋ ಮುಗಿದ ಎಷ್ಟೋ ದಿನದ ಮೇಲೆ ಯಾರಾದರೂ ಫೋನ್ ಮಾಡಿ 'ಬಾಂಡ್ ಇದೆ ನೋಡಿ' ಅಂತ ಹೆದರಿಸಿದರೆ, ಆ ಬಾಂಡ್‌ನ ಅವಧಿ ಎಂದು ಮುಗಿಯಿತು ಅಂತ ಮೊದಲು ನೋಡಿ. ಅವಧಿ ಇನ್ನೂ ಇದ್ದರೆ ಮಾತು ಬೇರೆ, ಆಗ ಕೋರ್ಟುಗಳು ಕಂಪನಿ ಪರವಾಗಿಯೂ ನಿಲ್ಲಬಹುದು. ಮಕ್ಕಳ ವಿಷಯದಲ್ಲಂತೂ 1903ರ ಒಂದು ತೀರ್ಪಿನಿಂದಲೂ, ಅಪ್ರಾಪ್ತರು ಮಾಡಿದ ಕರಾರು ಕರಾರೇ ಅಲ್ಲ. ಅದಕ್ಕೇ ಸಹಿ ಹಾಕಿಸುವುದು ಅಪ್ಪ ಅಮ್ಮನ ಹತ್ತಿರ.

ಹೊರದೇಶಗಳಲ್ಲಿ ಈ ಜಗಳ ಇನ್ನೂ ಮುಂದೆ ಹೋಗಿದೆ. ಎಲ್ಲಕ್ಕಿಂತ ನನಗೆ ಇಷ್ಟವಾಗುವುದು ಫ್ರಾನ್ಸಿನದು. ದ್ವೀಪವೊಂದಕ್ಕೆ ಜೋಡಿಗಳನ್ನು ಕರೆದೊಯ್ದು ಅವರ ಪ್ರೀತಿ ಪರೀಕ್ಷೆ ಮಾಡುವ ರಿಯಾಲಿಟಿ ಶೋ ಒಂದರ ಸ್ಪರ್ಧಿಗಳು, ನಾವು ಕೆಲಸಗಾರರು, ಸಂಬಳ ಕೊಡಿ ಅಂತ ಕೇಸು ಹಾಕಿದರು. ಬೀಚಿನಲ್ಲಿ ಮಜಾ ಮಾಡುವುದು ಕೆಲಸವೇ ಅಂತ ಜನ ನಕ್ಕರು. 2009ರ ಜೂನ್ 3ರಂದು ಅಲ್ಲಿನ ಅತ್ಯುನ್ನತ ಕೋರ್ಟು ಹೌದು ಅಂತು. ಏಳುವ ಹೊತ್ತು, ಮಲಗುವ ಹೊತ್ತು ನಿರ್ಮಾಪಕರದು. ಜಾಗ ಬಿಟ್ಟು ಹೋಗುವ ಹಾಗಿಲ್ಲ. ಹೇಳಿದ ಚಟುವಟಿಕೆಯಲ್ಲಿ ಭಾಗವಹಿಸಲೇಬೇಕು, ಕೆಲವು ದೃಶ್ಯಗಳನ್ನು ಮತ್ತೆ ಮತ್ತೆ ಮಾಡಬೇಕು, ನಿರೀಕ್ಷಿಸಿದ ಭಾವನೆ ತೋರಿಸಬೇಕು, ಕೇಳದಿದ್ದರೆ ಮನೆಗೆ. ಇಷ್ಟೆಲ್ಲ ಇದ್ದ ಮೇಲೆ ಅದು ದುಡಿಮೆಯೇ, ಮಾಲೀಕ ನೌಕರ ಸಂಬಂಧವೇ. 2013ರಲ್ಲಿ ಮಿಸ್ಟರ್ ಫ್ರಾನ್ಸ್ ಅನ್ನುವ ಸ್ಪರ್ಧೆಯ ಅಭ್ಯರ್ಥಿಯ ವಿಷಯದಲ್ಲೂ ಇದೇ ದಾರಿ ಹಿಡಿದರು, ಅಂದರೆ ಸ್ಪರ್ಧೆ ಅಂತ ಬೋರ್ಡು ಹಾಕಿದರೂ ತಪ್ಪಿಸಿಕೊಳ್ಳಲು ಆಗಲಿಲ್ಲ. ಆ ತೀರ್ಪಿನ ಪಟ್ಟಿಯನ್ನು ನಮ್ಮ ಯಾವುದೇ ಸಿಂಗಿಂಗ್ ಶೋದ ಪಕ್ಕ ಇಟ್ಟು ನೋಡಿ. ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋಗಬಹುದು. ನಮ್ಮಲ್ಲಿ ಅದರ ಮೇಲೆ ಹಾಡುವ ಕೆಲಸವೂ ಇದೆ.

ಅಮೆರಿಕದ ರೀತಿ ಬೇರೆ. ಅಲ್ಲಿ ಯೂನಿಯನ್ ಬಲ ಇರುವ ಕಡೆ ಸ್ವಲ್ಪ ಸಿಗುತ್ತದೆ. ಅಮೆರಿಕನ್ ಐಡಲ್‌ನಲ್ಲಿ ಕೊನೆಯ ಹಂತಗಳಿಗೆ ಬಂದವರು ಟಿವಿ ಕಲಾವಿದರ ಯೂನಿಯನ್ ಸೇರಿ ಯೂನಿಯನ್ ದರದಲ್ಲಿ ಸಂಭಾವನೆ ಪಡೆಯುತ್ತಿದ್ದರು. ಆದರೆ ಗೆದ್ದವರ ಮೇಲೆ ಬೀಳುವ ಮ್ಯಾನೇಜ್‌ಮೆಂಟ್ ಒಪ್ಪಂದ ಕಬ್ಬಿಣದ ಕಡಲೆ. 2012ರ ವಿಜೇತ ಫಿಲಿಪ್ ಫಿಲಿಪ್ಸ್ 2015ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮಿಕ ಆಯುಕ್ತರಿಗೆ ದೂರು ಕೊಟ್ಟ, ಶೋದ ಕಂಪನಿ ತನ್ನ ಮೇಲೆ ಹೇರಿದ ಒಪ್ಪಂದಗಳು ತನಗೆ ಮಾರಕ, ಪ್ರಾಯೋಜಕರ ಕಾರ್ಯಕ್ರಮದಲ್ಲಿ ಪುಕ್ಕಟೆ ಹಾಡಿಸಿದ್ದಾರೆ ಅಂತ. ಕಡೆಗೆ ರಾಜಿಯಾಯಿತು. ಅಮೆರಿಕಾಸ್ ಗಾಟ್ ಟ್ಯಾಲೆಂಟ್‌ನ 10 ಲಕ್ಷ ಡಾಲರ್ ಬಹುಮಾನದ ಗುಟ್ಟು ಗೊತ್ತಾ? ಅದನ್ನು ಕೊಡುವುದು 40 ವರ್ಷದ ಕಂತಿನಲ್ಲಿ. ವರ್ಷಕ್ಕೆ 25 ಸಾವಿರ ಡಾಲರ್. ಒಟ್ಟಿಗೆ ಬೇಕು ಅಂದರೆ ಇವತ್ತಿನ ಮೌಲ್ಯಕ್ಕೆ ಇಳಿಸಿ ಬಹಳ ಕಡಿಮೆ ಕೊಡುತ್ತಾರೆ. ಟಿವಿಯಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಓಡುವ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ, ಕಾಗದದ ಚೂರು ಉದುರುವ ಸಂಭ್ರಮದಲ್ಲಿ ಯಾರು ಓದುತ್ತಾರೆ?

'ಆದರೆ ಹೆಸರು ಬರುತ್ತಲ್ಲಪ್ಪ' ಅನ್ನುವ ಮಾತಿಗೆ ಬರೋಣ. ಇದು ಪೊಳ್ಳು ಮಾತಲ್ಲ. ಎಸ್‌ಪಿಬಿ ನಡೆಸಿಕೊಡುತ್ತಿದ್ದ ಎದೆ ತುಂಬಿ ಹಾಡುವೆನು ಕಾಲದಿಂದಲೂ ಎಷ್ಟೋ ಗಾಯಕರು ಟಿವಿಯಿಂದಲೇ ಮೇಲೆ ಬಂದಿದ್ದಾರೆ. ಶೋದಲ್ಲಿ ಕಾಣಿಸಿಕೊಂಡ ಮೇಲೆ ಜಾತ್ರೆ, ಉತ್ಸವ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಪೇಮೆಂಟ್ ಏರುತ್ತದೆ, ಪೋಸ್ಟರ್‌ನಲ್ಲಿ ಫೋಟೋ ದೊಡ್ಡದಾಗುತ್ತದೆ. ನಿಜ. ಆದರೆ ಆ ಏರಿಕೆ ನಿಲ್ಲುವುದು ಮುಂದಿನ ಸೀಸನ್ ಬರುವವರೆಗೆ. ಹೊಸ ಬ್ಯಾಚ್ ಬಂದ ಕೂಡಲೇ ಸಂಘಟಕರು ಈ ವರ್ಷದವರನ್ನು ಕರೆಯುತ್ತಾರೆ. ಹಳಬರು ಮತ್ತೆ ಮೊದಲಿನ ರೇಟಿಗೆ. ಜೊತೆಗೆ, ಶೋ ನಡೆಯುತ್ತಿರುವಾಗ, ಹೆಸರು ಬಿಸಿಬಿಸಿ ಇರುವಾಗ, ಹೊರಗಿನ ಕಾರ್ಯಕ್ರಮಕ್ಕೆ ಹೋಗಲು ಬಾಂಡ್ ಬಿಡುವುದಿಲ್ಲ. ಇನ್ನು ಹೆಸರು ಎಷ್ಟು ಬರುತ್ತದೆ ಅನ್ನುವುದೂ ಸ್ಪರ್ಧಿಯ ಕೈಯಲ್ಲಿಲ್ಲ, ಎಡಿಟಿಂಗ್ ಟೇಬಲ್ ಮೇಲಿದೆ. ಹೆಸರು ತರುವುದೇ ಸಂಬಳ ಅನ್ನುವುದಾದರೆ ತೀರ್ಪುಗಾರರಿಗೂ ಅದೇ ಮಾತು ಹೇಳಬಹುದಲ್ಲ. ಅವರ ಹೆಸರೂ ಅದರಿಂದಲೇ ಪ್ರತಿ ವಾರ ಮನೆಮನೆ ತಲುಪುತ್ತದೆ.

'ಯಾರೂ ಬಲವಂತ ಮಾಡಿಲ್ಲ, ಅವರೇ ಬಂದಿದ್ದು' ಅನ್ನುವುದು ಇನ್ನೊಂದು. ಒಪ್ಪಿ ಬಂದರು ಅನ್ನುವ ಕಾರಣಕ್ಕೆ ಕೂಲಿ ಕೊಡದೆ ಇರಬಹುದಾದರೆ ಕನಿಷ್ಠ ವೇತನದ ಕಾನೂನೇ ಬೇಕಾಗಿರಲಿಲ್ಲ.

ಹಾಗಂತ ಎಲ್ಲರಿಗೂ ಲಕ್ಷಗಟ್ಟಲೆ ಕೊಡಿ ಅಂತಲ್ಲ. ಆಡಿಷನ್ನಿಗೆ ಬಂದ ಸಾವಿರಾರು ಜನಕ್ಕೆ ಸಂಬಳ ಯಾರೂ ಕೇಳುತ್ತಿಲ್ಲ. ಮುಖ್ಯ ಸುತ್ತಿಗೆ ಆಯ್ಕೆಯಾಗಿ ಎಪಿಸೋಡಿನಲ್ಲಿ ಕಾಣಿಸಿಕೊಳ್ಳಲು ಶುರು ಮಾಡಿದ ಹದಿನೈದು ಇಪ್ಪತ್ತು ಜನಕ್ಕೆ, ಸೆಟ್‌ನಲ್ಲಿ ಅದೇ ದಿನ ನುಡಿಸುವ ವಾದ್ಯಗಾರನಿಗೆ ಎಷ್ಟು ಕೊಡುತ್ತಾರೋ ಕನಿಷ್ಠ ಅಷ್ಟು ಕೊಟ್ಟರೆ ಶೋದ ಬಜೆಟ್ ಮುಳುಗುವುದಿಲ್ಲ. ಕರಾರು ಪತ್ರ ಕನ್ನಡದಲ್ಲಿ, ಸಹಿಗೆ ಒಂದು ವಾರ ಮುಂಚೆ ಕೈಗೆ. ಬೇರೆ ಕಡೆ ಹೋಗಬಾರದು ಅನ್ನುವ ಎಕ್ಸ್‌ಕ್ಲೂಸಿವ್ ಷರತ್ತು ಶೋ ಮುಗಿಯುವವರೆಗೆ ಮಾತ್ರ, ಅದಕ್ಕೂ ಬೇರೆ ದುಡ್ಡು. ಯೂಟ್ಯೂಬ್ ಕ್ಲಿಪ್ಪಿನಲ್ಲಿ ಒಂದು ಸಣ್ಣ ಪಾಲು. ಬಹುಮಾನಕ್ಕಿಂತ ಇದು ಮುಖ್ಯ ಅನ್ನುತ್ತೇನೆ ನಾನು, ಯಾಕೆಂದರೆ ಬಹುಮಾನ ಒಬ್ಬನಿಗೆ, ಶೋ ಕಟ್ಟಿದ್ದು ಇಪ್ಪತ್ತು ಜನ.

ಇದಕ್ಕೆ ಹೊಸ ಕಾನೂನು ಬೇಕಾ ಅಂದರೆ, ಅರ್ಧ ಆಗಲೇ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಒಂದು. ಅದರಲ್ಲಿ ಆಡಿಯೋ ವಿಶುವಲ್ ಕೆಲಸಗಾರರು ಅನ್ನುವ ವರ್ಗ ಇದೆ. ಗಾಯಕ, ನರ್ತಕ, ನಟ, ನಿರೂಪಕ ಎಲ್ಲರೂ ಸೇರುತ್ತಾರೆ. ಯಾವ ಯಾವ ನಿರ್ಮಾಣಕ್ಕೆ ಅನ್ವಯ ಅನ್ನುವ ಪಟ್ಟಿಯಲ್ಲಿ ರಿಯಾಲಿಟಿ ಶೋಗಳ ಹೆಸರು ನೇರವಾಗಿಯೇ ಇದೆ. ಅಂಥವರನ್ನು ಲಿಖಿತ ಒಪ್ಪಂದ ಇಲ್ಲದೆ ಕೆಲಸಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ಒಪ್ಪಂದದಲ್ಲಿ ವೇತನ, ಕೆಲಸದ ಹೊತ್ತು, ಸುರಕ್ಷತೆ ಬರೆದಿರಬೇಕು, ಅದನ್ನು ಸರ್ಕಾರದ ಅಧಿಕಾರಿಯ ಹತ್ತಿರ ನೋಂದಾಯಿಸಬೇಕು. ತೊಡಕು ಒಂದೇ. ಆ ವ್ಯಕ್ತಿ 'ಕೆಲಸಕ್ಕೆ ಇಟ್ಟುಕೊಂಡವನು' ಆಗಿರಬೇಕು. ಚಾನೆಲ್ ಹೇಳುತ್ತದೆ, ಅವನು ಸ್ಪರ್ಧಿ. ಫ್ರಾನ್ಸಿನ ಕೋರ್ಟು ಬಿಡಿಸಿದ ಗಂಟು ಇದೇ, ನಮ್ಮಲ್ಲಿ ಯಾರೂ ಇನ್ನೂ ಅದನ್ನು ಬಿಡಿಸಿಲ್ಲ. ಕರ್ನಾಟಕ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ರಂಗದವರ ಕ್ಷೇಮಾಭಿವೃದ್ಧಿಗೆ ಅಂತ ಟಿಕೆಟ್ ಮತ್ತಿತರ ಆದಾಯದ ಮೇಲೆ 1ರಿಂದ 2% ಸೆಸ್ ಹಾಕುವ ಕಾಯ್ದೆ ತಂದಿತು. ಆ ನಿಧಿಯ ಫಲಾನುಭವಿಗಳಲ್ಲಿ ರಿಯಾಲಿಟಿ ಶೋದ ಸ್ಪರ್ಧಿಯನ್ನೂ ಸೇರಿಸಿ ಅಂತ ಕೇಳಲು ಇದು ಸರಿಯಾದ ಸಮಯ.

ಮಕ್ಕಳ ವಿಷಯದಲ್ಲಿ ಅಷ್ಟು ಕಾಯಬೇಕಾಗಿಯೂ ಇಲ್ಲ, 2017ರ ನಿಯಮ ಕೈಯಲ್ಲೇ ಇದೆ. ಕನ್ನಡದ ದೊಡ್ಡ ಶೋಗಳ ಶೂಟಿಂಗ್ ನಡೆಯುವುದು ಬೆಂಗಳೂರು ಮತ್ತು ಸುತ್ತಮುತ್ತ. ಆಸಕ್ತಿ ಇರುವ ಯಾರೇ ಆಗಲಿ ಜಿಲ್ಲಾಧಿಕಾರಿ ಕಚೇರಿಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಬಹುದು. ಕಳೆದ ಮೂರು ವರ್ಷದಲ್ಲಿ ಟಿವಿ ರಿಯಾಲಿಟಿ ಶೋಗಳಲ್ಲಿ ಮಕ್ಕಳನ್ನು ಬಳಸಲು ಎಷ್ಟು ಅನುಮತಿ ಕೊಟ್ಟಿದ್ದೀರಿ, ಎಷ್ಟು ಸಲ ಸೆಟ್‌ಗೆ ಹೋಗಿ ತಪಾಸಣೆ ಮಾಡಿದ್ದೀರಿ, ಎಷ್ಟು ಮಕ್ಕಳ ಹೆಸರಲ್ಲಿ ಎಫ್‌ಡಿ ಆಗಿದೆ ಅಂತ.